ಮನೆ ಹಿಂದೆ ಬರೆ ಇದ್ದವರು ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಕೆಲಸಗಳು

ಏಪ್ರಿಲ್ ಬಂತೆಂದರೆ ನನಗೆ ಬರುವ ಪ್ರಶ್ನೆ ಒಂದೇ. "ಮನೆ ಹಿಂದೆ ಬರೆ ಇದೆ. ಈ ಸಲ ಮಳೆ ಜಾಸ್ತಿಯಾದರೆ ಏನು ಮಾಡೋದು?" ಮಡಿಕೇರಿ ಕಡೆಯವರೂ ಇದನ್ನೇ ಕೇಳುತ್ತಾರೆ, ವಿರಾಜಪೇಟೆ ಕಡೆಯವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಬರೆ ಅಂದರೆ ಗುಡ್ಡ ಕಡಿದು ಮನೆಗೋ ರಸ್ತೆಗೋ ಜಾಗ ಮಾಡಿದಾಗ ಹಿಂಬದಿಯಲ್ಲಿ ನಿಲ್ಲುವ ಮಣ್ಣಿನ ಗೋಡೆ. ಕೊಡಗಿನಲ್ಲಿ ಅದಿಲ್ಲದ ಮನೆ ಕಡಿಮೆ, ಅಲ್ವಾ?

ಹವಾಮಾನ ಬದಲಾವಣೆ ಅಂದ ಕೂಡಲೇ ಉಳ್ಳಾಲದ ಕಡಲ್ಕೊರೆತ ನೆನಪಾಗುತ್ತದೆ. ನಮಗೆ ಕಡಲಿಲ್ಲ, ನಿಜ. ಆದರೆ ನಮ್ಮ ಮುಂಗಾರು ಬರುವುದು ಅರಬ್ಬೀ ಸಮುದ್ರದಿಂದ. ಆ ಸಮುದ್ರ ಬಿಸಿಯಾಗುತ್ತಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಆ ತೇವದ ಗಾಳಿ ಘಟ್ಟಕ್ಕೆ ಬಡಿದಾಗ ಸುರಿಯುವ ಮಳೆಯ ರಭಸವೂ ಹೆಚ್ಚುತ್ತದೆ. ವರ್ಷದ ಒಟ್ಟು ಮಳೆ ಎಷ್ಟು ಅನ್ನುವುದು ಈಗ ಮುಖ್ಯವಲ್ಲ. ಎರಡು ಮೂರು ದಿನದಲ್ಲಿ ಎಷ್ಟು ಬಿತ್ತು, ಆಗ ನೆಲ ಎಷ್ಟು ನೆನೆದಿತ್ತು ಅನ್ನುವುದೇ ಮುಖ್ಯ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ, ಮೊಣ್ಣಂಗೇರಿ ಕುಸಿದವು. 2019ರ ಆಗಸ್ಟ್‌ನಲ್ಲಿ ತೋರ ಗ್ರಾಮ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗುಡ್ಡ. ಮೂರೂ ಆಗಸ್ಟ್ ತಿಂಗಳೇ ಅನ್ನುವುದನ್ನು ಗಮನಿಸಿ. ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮುಗಿಯುವ ಹೊತ್ತಿಗೆ ನೆಲ ಎರಡು ಎರಡೂವರೆ ತಿಂಗಳ ನೀರು ಕುಡಿದಿರುತ್ತದೆ. ಮೇಲೆ ದಪ್ಪ ಮಣ್ಣು, ಕೆಳಗೆ ಬಂಡೆ. ಇಂಗಿದ ನೀರು ಬಂಡೆಯ ಮೇಲೆ ನಿಲ್ಲುತ್ತದೆ. ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. ಆಮೇಲೆ ಒಂದು ಜೋರು ಮಳೆ ಸಾಕು.

ಹಾಗಾಗಿ ಈ ಲೇಖನದಲ್ಲಿ ಎರಡು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ. ಮನೆಯ ಮೇಲಿನ ಇಳಿಜಾರಿನಲ್ಲಿ ನೀರು ಇಂಗಲು ಬಿಡಬೇಡಿ, ಹರಿದು ಹೋಗಲು ದಾರಿ ಕೊಡಿ. ಮನೆ ಬಿಡುವ ಹೊತ್ತು ಯಾವುದು ಅಂತ ಮಳೆ ಬರುವ ಮುಂಚೆಯೇ ತೀರ್ಮಾನಿಸಿ.

ಏನೇನು ಬೇಕು?

ಗುದ್ದಲಿ, ಹಾರೆ, ಕತ್ತಿ, ಅಳತೆ ಟೇಪು. ಒಳ್ಳೆಯ ದಪ್ಪದ ಟಾರ್ಪಾಲು. ಒಂದು ಮಳೆ ಮಾಪಕ. ಒಂದು ನೋಟ್ ಪುಸ್ತಕ. ಗೋಡೆಗೆ ಗುರುತು ಹಾಕಲು ಸ್ವಲ್ಪ ಪೇಂಟ್. ಇದಕ್ಕಿಂತ ಮುಖ್ಯವಾಗಿ ಬೇಕಾದ್ದು ಸಮಯ. ಕಾಫಿ ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಶುರು ಮಾಡಿ, ಮೇ ಮಧ್ಯಕ್ಕೆ ಮಣ್ಣಿನ ಕೆಲಸ ಮುಗಿಸಿಬಿಡಿ. ಜೂನ್ ಹತ್ತಿರ ಬಂದ ಮೇಲೆ ಜೆಸಿಬಿ ಕರೆಸಿ ಬರೆ ಕೆದಕುವುದು ಅಪಾಯ. ಸಡಿಲಾದ ಮಣ್ಣು ಕೂರುವ ಮುಂಚೆಯೇ ಮಳೆ ಬರುತ್ತದೆ.

1. ಜಾಗ ಸುತ್ತಿ ನೋಡಿ, ಚಿತ್ರ ಬರೆದುಕೊಳ್ಳಿ

ಹೂಮಳೆ (ಕಾಫಿ ಹೂ ಅರಳಲು ಬೇಕಾದ ಬೇಸಿಗೆ ಮಳೆ) ಅಥವಾ ಮೇ ತಿಂಗಳ ಗುಡುಗು ಮಳೆ ಜೋರಾಗಿ ಬಂದು ನಿಂತ ಕೂಡಲೇ, ಕೊಡೆ ಹಿಡಿದು ಮನೆಯ ಮೇಲ್ಭಾಗಕ್ಕೆ ಹೋಗಿ. ಗುಡುಗು ಪೂರ್ತಿ ನಿಂತಿರಲಿ. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಎಲ್ಲಿ ನೆಲದೊಳಗೆ ಮಾಯವಾಗುತ್ತಿದೆ ನೋಡಿ. ಪುಸ್ತಕದಲ್ಲಿ ಸುಮ್ನೆ ಒಂದು ಒರಟು ಚಿತ್ರ ಬರೆಯಿರಿ. ಮನೆ, ಬರೆ, ರಸ್ತೆ, ಕೆರೆ, ಕೊಲ್ಲಿ, ತೋಡು, ದೊಡ್ಡ ಮರಗಳು. ತೋಡು ಅಂದರೆ ಸಣ್ಣ ಹಳ್ಳ. ಕೊಲ್ಲಿ ಅಂದರೆ ಎರಡು ಗುಡ್ಡಗಳ ನಡುವೆ ನೀರು ಇಳಿಯುವ ಕಣಿವೆ. ಬೇಸಿಗೆಯಲ್ಲಿ ಒಣಗಿದ್ದರೂ ಅದನ್ನು ಗುರುತು ಮಾಡಿ.

ಮುಖ್ಯವಾಗಿ ನಾಲ್ಕು ಅಂಶ ನೋಡಿ. ಬರೆಯ ಎತ್ತರ ಎಷ್ಟು, ಮನೆಯ ಗೋಡೆಯಿಂದ ಎಷ್ಟು ದೂರ? ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟಾದರೂ ದೂರ ಇರಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಹದಿನೈದು ಅಡಿ ಬರೆ, ನಾಲ್ಕು ಅಡಿ ದೂರ ಇದ್ದರೆ ಆ ಬದಿಯ ಕೋಣೆ ಮಳೆಗಾಲದಲ್ಲಿ ಮಲಗುವ ಕೋಣೆ ಆಗಬಾರದು. ಎರಡನೆಯದು, ಮೇಲಿನ ನೆಲದಲ್ಲಿ ಅಡ್ಡಡ್ಡ ಬಿರುಕು ಇದೆಯೇ? ಮೂರನೆಯದು, ಮರ, ವಿದ್ಯುತ್ ಕಂಬ, ಬೇಲಿ ಕಲ್ಲು ವಾಲಿವೆಯೇ? ಮರ ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿದ್ದರೆ ಅಲ್ಲಿ ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ನಾಲ್ಕನೆಯದು, ಕೊಲ್ಲಿಯ ಬಾಯಿಗೆ ನೇರವಾಗಿ ಮನೆ ಇದೆಯೇ?

ಈ ಕೊನೆಯದನ್ನು ಬಹಳ ಜನ ಕಡೆಗಣಿಸುತ್ತಾರೆ. "ನಮ್ಮ ಮನೆ ಹತ್ತಿರ ಗುಡ್ಡವೇ ಇಲ್ಲ" ಅನ್ನುತ್ತಾರೆ. ಆದರೆ ಮಣ್ಣು, ನೀರು, ಬಂಡೆ ಸೇರಿದ ಪ್ರವಾಹ ಕೊಲ್ಲಿ ಹಿಡಿದು ಕಿಲೋಮೀಟರುಗಟ್ಟಲೆ ಇಳಿಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದದ್ದು ಅದೇ. ಕುಸಿದ ಜಾಗ ಮೇಲೆಲ್ಲೋ ಇತ್ತು. ಸತ್ತವರು ಕೆಳಗೆ ಹೊಳೆ ದಡದ ಮನೆಗಳಲ್ಲಿ ಮಲಗಿದ್ದವರು.

2. ನೀರಿಗೆ ದಾರಿ ಮಾಡಿ

ನಿಮ್ಮ ಹತ್ತಿರ ಒಂದೇ ಕೆಲಸಕ್ಕೆ ಹಣ ಇದ್ದರೆ ಇದಕ್ಕೆ ಹಾಕಿ. ತಡೆಗೋಡೆಗಿಂತ ಮೊದಲು ಚರಂಡಿ.

ಮೊದಲ ಕೆಲಸ, ಬರೆಯ ಮೇಲೆ ಅಡ್ಡ ಚರಂಡಿ. ಮೇಲಿನಿಂದ ಬರುವ ನೀರು ಬರೆಯ ಅಂಚಿಗೆ ತಲುಪುವ ಮುಂಚೆಯೇ ಅದನ್ನು ಹಿಡಿದು ಪಕ್ಕಕ್ಕೆ ಒಯ್ಯುವ ಕಾಲುವೆ ಇದು. ಅಂಚಿಗೆ ತಾಗಿಕೊಂಡಂತೆ ತೋಡಬೇಡಿ. ಹತ್ತು ಹದಿನೈದು ಅಡಿ ಹಿಂದಕ್ಕೆ ಇರಲಿ. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ ಸಾಮಾನ್ಯ ಮನೆಗೆ ಸಾಕಾಗುತ್ತದೆ. ಮೇಲೆ ದೊಡ್ಡ ಇಳಿಜಾರು ಇದ್ದರೆ ಇನ್ನೂ ದೊಡ್ಡದು ಬೇಕು. ಐವತ್ತು ಅಡಿ ಉದ್ದಕ್ಕೆ ಒಂದು ಅಡಿಯಷ್ಟು ಇಳಿಜಾರು ಕೊಡಿ. ಮೇಸ್ತ್ರಿಗಳು ನೀರು ತುಂಬಿದ ಪೈಪಿನಲ್ಲಿ ಮಟ್ಟ ನೋಡುತ್ತಾರಲ್ಲ, ಹಾಗೆಯೇ ನೋಡಿ.

ಇಲ್ಲೇ ದೊಡ್ಡ ತಪ್ಪು ಆಗುವುದು. ಬರೀ ಮಣ್ಣಿನ ಚರಂಡಿ ತೋಡಿ ಬಿಟ್ಟುಬಿಡುತ್ತಾರೆ. ಅದು ನೀರನ್ನು ಸಾಗಿಸುವ ಬದಲು ಕುಡಿಯುತ್ತದೆ. ಬರೆಯ ಬೆನ್ನಿಗೇ ನೀರು ಊಡಿದ ಹಾಗೆ. ಸಿಮೆಂಟು ಹಾಕಿಸಿ, ಇಲ್ಲವೇ ಕಲ್ಲು ಕಟ್ಟಿಸಿ. ಅಷ್ಟು ಹಣ ಇಲ್ಲವೇ? ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಮಣ್ಣಿನಲ್ಲಿ ಹೂತುಬಿಡಿ. ಎರಡು ಮೂರು ವರ್ಷ ಬರುತ್ತದೆ.

ಚರಂಡಿ ಎಲ್ಲಿ ಕೊನೆಯಾಗುತ್ತದೆ ಅನ್ನುವುದನ್ನು ಮೊದಲೇ ಯೋಚಿಸಿ. ಬಂಡೆ ಇರುವ ತೋಡಿಗೆ ಸೇರಿಸಿದರೆ ಒಳ್ಳೆಯದು. ಪಕ್ಕದವರ ಬರೆಯ ಮೇಲೆ ಬಿಟ್ಟರೆ ನಿಮ್ಮ ಅಪಾಯವನ್ನು ಅವರ ಮನೆಗೆ ಕಳಿಸಿದ ಹಾಗಾಯಿತು. ಅವರನ್ನೂ ಕರೆದು, ಇಬ್ಬರೂ ನಿಂತು ದಾರಿ ಗೊತ್ತು ಮಾಡಿ. ಜಗಳ ಆಗುವುದಿದ್ದರೆ ಮಾರ್ಚ್‌ನಲ್ಲೇ ಆಗಿ ಮುಗಿಯಲಿ.

ಎರಡನೆಯದು ಮಾಡಿನ, ಅಂದರೆ ಛಾವಣಿಯ ನೀರು. ಸಾವಿರ ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಒಂದೇ ದಿನ ಎಂಟು ಇಂಚು ಬಿದ್ದರೆ ಹತ್ತೊಂಬತ್ತು ಸಾವಿರ ಲೀಟರ್ ಹತ್ತಿರ ಹೋಗುತ್ತದೆ. ಅಷ್ಟೂ ನೀರು ಬರೆಯ ಬುಡಕ್ಕೆ ಬೀಳುತ್ತಿದ್ದರೆ ಬುಡ ಕೊರೆದು ಹೋಗುತ್ತದೆ. ಸೀಳಿದ ಪಿವಿಸಿ ಪೈಪನ್ನು ಮಾಡಿನ ಅಂಚಿಗೆ ಕಟ್ಟಿ, ನೀರನ್ನು ಮನೆಯ ಮುಂದಿನ ಚರಂಡಿಗೆ ತನ್ನಿ. ಬರೆಗೂ ಗೋಡೆಗೂ ನಡುವಿನ ಜಾಗಕ್ಕೆ ಸಿಮೆಂಟು ಹಾಕಿಸಿ, ಹೊರಕ್ಕೆ ಇಳಿಜಾರು ಕೊಡಿ.

ಮೂರನೆಯದು ಗುಂಡಿಗಳ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಫಿ ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯುವುದು ಹಳೆಯ ಪದ್ಧತಿ. ಗಿಡಗಳ ಸಾಲಿನ ನಡುವೆ ಉದ್ದಕ್ಕೆ ತೋಡುವ ಈ ಗುಂಡಿ ಮಣ್ಣು ಕೊಚ್ಚಿ ಹೋಗದಂತೆ ತಡೆಯುತ್ತದೆ, ತೇವ ಉಳಿಸುತ್ತದೆ. ಸಮತಟ್ಟಾದ ತೋಟದಲ್ಲಿ ಇದು ಒಳ್ಳೆಯದೇ. ಆದರೆ ಕಡಿದಾದ ಇಳಿಜಾರಿನಲ್ಲಿ, ಅದೂ ಮನೆಯ ಅಥವಾ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ನೇರ ಮೇಲೆ, ನೀರು ಇಂಗಿಸುವ ಯಾವ ಗುಂಡಿಯೂ ಬೇಡ. ನೀರು ಉಳಿಸಿ ಅಂತ ಎಲ್ಲರೂ ಹೇಳುವುದನ್ನು ಕೇಳಿ ಒಳ್ಳೆಯ ಮನಸ್ಸಿನಿಂದಲೇ ತೋಡಿರುತ್ತಾರೆ. ಬಯಲು ಸೀಮೆಗೆ ಸರಿಯಾದ ಆ ಮಾತು ಇಲ್ಲಿನ ಇಳಿಜಾರಿಗೆ ಹಾಗೇ ಹೊಂದುವುದಿಲ್ಲ. ಅಂಥ ಗುಂಡಿ ಈಗಾಗಲೇ ಇದ್ದರೆ ಮುಚ್ಚಿ, ಮಣ್ಣನ್ನು ಚೆನ್ನಾಗಿ ಧಮ್ಮಸ್ಸು ಮಾಡಿ.

ನೀರಾವರಿ ಕೆರೆ ಇನ್ನೂ ದೊಡ್ಡ ಚಿಂತೆ. ಹೂಮಳೆ ಕೈಕೊಡುತ್ತಿದೆ ಅಂತ ಅನೇಕರು ತೋಟದ ಎತ್ತರದ ಜಾಗದಲ್ಲಿ ಕೆರೆ ತೋಡಿಸಿದ್ದಾರೆ. ಐವತ್ತಕ್ಕೆ ಐವತ್ತು ಅಡಿ, ಹತ್ತು ಅಡಿ ಆಳದ ಕೆರೆಯಲ್ಲಿ ಸುಮಾರು ಏಳು ಲಕ್ಷ ಲೀಟರ್ ನೀರು, ಅಂದರೆ ಏಳುನೂರು ಟನ್ ತೂಕ ಇರುತ್ತದೆ. ಅದರ ಕೆಳಗೆ ಮನೆ ಇದ್ದರೆ ಜೂನ್‌ಗೆ ಮುಂಚೆ ನೀರು ತಗ್ಗಿಸಿ. ಕೋಡಿಗೆ, ಅಂದರೆ ಹೆಚ್ಚಾದ ನೀರು ಹೊರ ಹರಿಯುವ ಬಾಯಿಗೆ, ಕಲ್ಲು ಕಟ್ಟಿಸಿ. ಏರಿಯಲ್ಲಿ ಇಲಿ ಬಿಲ, ಹೆಗ್ಗಣದ ಬಿಲ ಇದ್ದರೆ ಮುಚ್ಚಿಸಿ. ಕೆರೆ ನಿಮ್ಮದು, ಕೆಳಗಿನ ಮನೆ ಬೇರೆಯವರದು ಆಗಿದ್ದರಂತೂ ಈ ಕೆಲಸ ಮುಂದೂಡಲೇಬಾರದು.

ಇನ್ನು ರಸ್ತೆಯ ಮೋರಿ. ಎಲೆ, ಕಡ್ಡಿ, ಪ್ಲಾಸ್ಟಿಕ್ ಕಟ್ಟಿಕೊಂಡು ಒಂದು ಮೋರಿ ಮುಚ್ಚಿದರೆ ರಸ್ತೆಯೇ ಕಾಲುವೆಯಾಗಿ, ನೀರು ಹೊಸ ಜಾಗದಲ್ಲಿ ಕೆಳಗೆ ಧುಮುಕುತ್ತದೆ. ಪಂಚಾಯಿತಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಅವರು ಬರುವವರೆಗೆ ಕಾಯದೆ ನಿಮ್ಮ ಮನೆ ಮೇಲಿನ ಮೋರಿಯನ್ನಾದರೂ ನೀವೇ ಬಿಡಿಸಿ.

3. ಬರೆಯನ್ನು ಮುಟ್ಟುವ ಮುಂಚೆ

2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಮನೆಗೆ ಮತ್ತು ರಸ್ತೆಗೆ ಇಳಿಜಾರನ್ನು ಕಡಿದದ್ದನ್ನು ಒಂದು ಮುಖ್ಯ ಕಾರಣವಾಗಿ ಹೇಳಿತ್ತು. ನೆಟ್ಟಗೆ ಕಡಿದ ಬರೆ ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ. ಆ ಧೈರ್ಯ ನಂಬಬೇಡಿ.

ಸಾಧ್ಯವಿದ್ದರೆ ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ. ಪ್ರತಿ ಮೆಟ್ಟಿಲಿಗೂ ಒಂದು ಸಣ್ಣ ಚರಂಡಿ ಇರಲಿ. ತೆಗೆದ ಮಣ್ಣನ್ನು ಕೊಲ್ಲಿಗೋ ತೋಡಿಗೋ ಸುರಿಯಬೇಡಿ. ಮೊದಲ ದೊಡ್ಡ ಮಳೆಗೆ ಅದು ಕೆಳಗಿನವರ ಗದ್ದೆಗೆ, ಮನೆಗೆ ಇಳಿಯುತ್ತದೆ.

ಮೊದಲ ಮಳೆಗೆ ಲಾವಂಚ ನೆಡಿ. ಅದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಅಡ್ಡ ಸಾಲಿನಲ್ಲಿ, ಗೇಣಿಗಿಂತ ಹತ್ತಿರ ಹತ್ತಿರ ನೆಡಬೇಕು. ಒಂದು ತಿಳಿದಿರಲಿ: ನೆಟ್ಟ ವರ್ಷವೇ ಅದು ಬರೆ ಕಾಯುವುದಿಲ್ಲ. ಬೇರು ಇಳಿಯಲು ಎರಡು ವರ್ಷ ಬೇಕು. ಆಳದಲ್ಲಿ ಜಾರುವ ಗುಡ್ಡವನ್ನು ಯಾವ ಹುಲ್ಲೂ ತಡೆಯುವುದಿಲ್ಲ. ಮೇಲ್ಮಣ್ಣು ಕೊಚ್ಚಿ ಹೋಗುವುದನ್ನು ಮಾತ್ರ ತಡೆಯುತ್ತದೆ.

ಮರಗಳ ವಿಚಾರದಲ್ಲಿ ಎರಡು ಕಡೆಯೂ ತಪ್ಪು ಮಾಡುತ್ತೇವೆ. ಬರೆಯ ತುದಿಯಲ್ಲಿ ಗಾಳಿಗೆ ತೂಗುವ ಎತ್ತರದ ಸಿಲ್ವರ್ ಓಕ್ ಹಾಗೇ ಬಿಡುತ್ತೇವೆ. ಅದು ಬೀಳುವಾಗ ಬುಡದ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ. ಮರಗಸಿ ಮಾಡುವಾಗ, ಅಂದರೆ ನೆರಳು ಮರದ ಕೊಂಬೆ ಕಡಿಯುವಾಗ, ಅಂಥ ಮರದ ತೂಕ ಇಳಿಸಿ. ಇನ್ನೊಂದು ಕಡೆ, ಭಯಕ್ಕೆ ಇಳಿಜಾರಿನ ಎಲ್ಲಾ ಕಾಡು ಮರ ಕಡಿಸಿಬಿಡುತ್ತೇವೆ. ಕಡಿದ ಮರದ ಬೇರು ಕೆಲವು ವರ್ಷದಲ್ಲಿ ಕೊಳೆತು ಹಿಡಿತ ಹೋಗುತ್ತದೆ, ಆ ಪೊಳ್ಳಿನಲ್ಲಿ ನೀರು ಇಳಿಯುತ್ತದೆ. ಕಾಡು ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ತಡೆಗೋಡೆ ಕಟ್ಟಿಸುವುದಾದರೆ ಎಂಜಿನಿಯರ್‌ಗೆ ಜಾಗ ತೋರಿಸಿಯೇ ಕಟ್ಟಿಸಿ. ಗೋಡೆಯಲ್ಲಿ ವೀಪ್ ಹೋಲ್ ಇರಲೇಬೇಕು. ವೀಪ್ ಹೋಲ್ ಅಂದರೆ ಹಿಂದಿನ ನೀರು ಹೊರಬರಲು ಬಿಡುವ ತೂತು. ಗೋಡೆಯ ಬೆನ್ನಿಗೆ ಮಣ್ಣಲ್ಲ, ಜಲ್ಲಿ ತುಂಬಬೇಕು. ಇವೆರಡೂ ಇಲ್ಲದ ಗೋಡೆ ನೀರಿನ ಒತ್ತಡಕ್ಕೆ ಉಬ್ಬಿ ಒಮ್ಮೆಲೇ ಬೀಳುತ್ತದೆ. ಗೋಡೆ ಇಲ್ಲದಿದ್ದಾಗ ಆಗುವುದಕ್ಕಿಂತ ಜಾಸ್ತಿ ಹಾನಿ ಮಾಡುತ್ತದೆ. ಮಳೆಗಾಲದಲ್ಲಿ ಆ ತೂತುಗಳಿಂದ ನೀರು ಬರುತ್ತಲೇ ಇದ್ದರೆ ಗಾಬರಿ ಬೇಡ, ಅದು ಕೆಲಸ ಮಾಡುತ್ತಿದೆ. ಬರುತ್ತಿದ್ದ ನೀರು ಜೋರು ಮಳೆಯಲ್ಲಿ ನಿಂತರೆ ಎಚ್ಚರ.

ಟಾರ್ಪಾಲು ಕೊನೆಯ ಉಪಾಯ. ನಮ್ಮ ಮನೆಯಲ್ಲೂ ಒಂದು ವರ್ಷ ಬರೆಯ ಮುಖಕ್ಕೆ ಮಾತ್ರ ಹೊದಿಸಿದ್ದೆವು. ಮೇಲಿನ ಬಿರುಕಿನಿಂದ ನೀರು ಇಳಿದು ಟಾರ್ಪಾಲಿನ ಹಿಂದೆಯೇ ಮಣ್ಣು ಜಾರಿತು. ಬಿರುಕನ್ನು ಮೊದಲು ಜೇಡಿಮಣ್ಣಿನಿಂದ ಮುಚ್ಚಿ, ಅದರಿಂದ ಆರೇಳು ಅಡಿ ಮೇಲಿನಿಂದ ಟಾರ್ಪಾಲು ಶುರುವಾಗಬೇಕು.

4. ಮಳೆ ಅಳೆಯಿರಿ

ತೋಟದ ಮನೆಗಳಲ್ಲಿ ಮಳೆ ಅಳೆಯುವ ರೂಢಿ ಮೊದಲಿನಿಂದಲೂ ಇದೆ. ನಾವು ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಮಾತಾಡುತ್ತೇವೆ. ನೂರು ಸೆಂಟ್ ಅಂದರೆ ಒಂದು ಇಂಚು. ಹವಾಮಾನ ಇಲಾಖೆ ಮಿಲಿಮೀಟರ್‌ನಲ್ಲಿ ಹೇಳುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, ಅಂದರೆ ಎರಡೂವರೆ ಇಂಚು. 115.6 ದಾಟಿದರೆ ಅತಿ ಭಾರಿ, ಅಂದರೆ ನಾಲ್ಕೂವರೆ ಇಂಚು. 204.4 ದಾಟಿದರೆ ಅತ್ಯಂತ ಭಾರಿ, ಅಂದರೆ ಎಂಟು ಇಂಚು. ಈ ಮೂರು ಸಂಖ್ಯೆಗಳನ್ನು ಅಡುಗೆ ಮನೆ ಗೋಡೆಯ ಮೇಲೆ ಬರೆದಿಡಿ.

ಮಾಪಕ ಕೊಳ್ಳಲು ಆಗದಿದ್ದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಡಬ್ಬ ಸಾಕು. ಬಯಲಲ್ಲಿ, ಮರ ಮತ್ತು ಮಾಡಿನಿಂದ ದೂರ ಇಡಿ. ಬೆಳಗ್ಗೆ 8.30ಕ್ಕೆ ಸ್ಕೇಲ್ ಇಟ್ಟು ಅಳೆದು ಚೆಲ್ಲಿ. ಬಾಯಿ ಅಗಲ, ಬುಡ ಕಿರಿದು ಇರುವ ಪಾತ್ರೆಯಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಒಂದು ದಿನದ ಮಳೆಯ ಪಕ್ಕದಲ್ಲೇ ಹಿಂದಿನ ಮೂರು ದಿನದ ಮೊತ್ತವನ್ನೂ ಬರೆಯುತ್ತಾ ಹೋಗಿ. ಆ ಮೊತ್ತ ಏರುತ್ತಲೇ ಇದ್ದರೆ ಅಂದಿನ ಮಳೆ ಸಣ್ಣದಿದ್ದರೂ ಹುಷಾರಾಗಿರಿ.

ಇಷ್ಟೆಲ್ಲಾ ಯಾಕೆ, ರೆಡ್ ಅಲರ್ಟ್ ಹೇಳುತ್ತಾರಲ್ಲ ಅಂತ ಕೇಳುತ್ತಾರೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಇಡೀ ಜಿಲ್ಲೆಗೆ ಸೇರಿ ಬರುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತು. ಎಚ್ಚರಿಕೆ ಕೇಳಿ, ಜೊತೆಗೆ ನಿಮ್ಮ ಡಬ್ಬವನ್ನೂ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವರ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ನಿಮ್ಮ ಪಂಚಾಯಿತಿಯ ಮಳೆ ಕೇಳಬಹುದು. ಫೋನಿನಲ್ಲಿ ಸಚೇತ್ ಮತ್ತು ದಾಮಿನಿ ಆ್ಯಪ್ ಇರಲಿ. ಮೊದಲನೆಯದು ಸರ್ಕಾರದ ವಿಪತ್ತು ಎಚ್ಚರಿಕೆಗೆ, ಎರಡನೆಯದು ಸಿಡಿಲಿಗೆ.

5. ಮನೆ ಬಿಡುವ ಹೊತ್ತನ್ನು ಈಗಲೇ ಗೊತ್ತು ಮಾಡಿ

ಮಧ್ಯರಾತ್ರಿ ಮಳೆಯಲ್ಲಿ, ಕರೆಂಟ್ ಇಲ್ಲದೆ, ಅಜ್ಜಿಯನ್ನು ಎಬ್ಬಿಸಿ "ಹೋಗೋಣವೋ ಬೇಡವೋ" ಅಂತ ಚರ್ಚೆ ಮಾಡುವಂತಾಗಬಾರದು. ಹಾಗಾಗಿ ಏಪ್ರಿಲ್‌ನಲ್ಲೇ ಮನೆಯವರೆಲ್ಲ ಕೂತು ಒಂದು ನಿಯಮ ಮಾಡಿಕೊಳ್ಳಿ. ನಾನು ಹೇಳುವ ನಿಯಮ ಇದು. ಕಿತ್ತಳೆ ಎಚ್ಚರಿಕೆ ಬಂದ ದಿನ ಬರೆ ಬದಿಯ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ. ನೆಲ ನೆನೆದಿರುವಾಗ ಕೆಂಪು ಎಚ್ಚರಿಕೆ ಬಂದರೆ ಸಂಜೆ ಐದರೊಳಗೆ ನೆಂಟರ ಮನೆಗೋ ಕಾಳಜಿ ಕೇಂದ್ರಕ್ಕೋ (ಸರ್ಕಾರ ತೆರೆಯುವ ಆಶ್ರಯ ತಾಣ) ಹೋಗುವುದು. ಹತ್ತು ಸಲ ಹೋಗಿ ಹತ್ತು ಸಲವೂ ಏನೂ ಆಗದೆ ವಾಪಸ್ ಬಂದರೆ ಅದು ನಷ್ಟ ಅಲ್ಲ.

ಎಚ್ಚರಿಕೆಯ ಬಣ್ಣ ಯಾವುದೇ ಇರಲಿ, ಕೆಳಗಿನವು ಕಂಡರೆ ತಕ್ಷಣ ಹೊರಡಿ. ಇಲ್ಲದ ಕಡೆ ಹೊಸ ಒರತೆ ಎದ್ದರೆ. ಇದ್ದ ಒರತೆಯ ನೀರು ಕೆಂಪಾದರೆ. ಮನೆ ನೆಲದಿಂದ ನೀರು ಜಿನುಗಿದರೆ. ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾದರೆ. ಗೋಡೆಗೆ, ಅಂಗಳಕ್ಕೆ ಹೊಸ ಬಿರುಕು ಬಂದರೆ. ಗುಡ್ಡದೊಳಗಿಂದ ಗುಡುಗಿನ ಹಾಗೆ ಶಬ್ದ, ಮರ ಮುರಿಯುವ ಶಬ್ದ ಕೇಳಿದರೆ. ಎಲ್ಲಕ್ಕಿಂತ ಅಪಾಯದ ಸೂಚನೆ ಇನ್ನೊಂದು. ಮಳೆ ಸುರಿಯುತ್ತಲೇ ಇರುವಾಗ ತೋಡಿನ ನೀರು ಒಮ್ಮೆಲೇ ಕಡಿಮೆಯಾದರೆ ನೀರು ಇಳಿಯಿತು ಅಂತ ಸಮಾಧಾನ ಪಡಬೇಡಿ. ಮೇಲೆಲ್ಲೋ ಮಣ್ಣು ಬಿದ್ದು ಅಣೆಕಟ್ಟಿನ ಹಾಗೆ ನೀರು ನಿಂತಿರಬಹುದು. ಅದು ಒಡೆದರೆ ಓಡಲು ಸಮಯ ಸಿಗುವುದಿಲ್ಲ.

ಹೋಗುವ ದಾರಿ ಕೊಲ್ಲಿಯನ್ನೋ ತೋಡನ್ನೋ ದಾಟಬಾರದು. ಕೊಲ್ಲಿಯಿಂದ ಅಡ್ಡಕ್ಕೆ ಸರಿದು ಎತ್ತರದ ಏಣು, ಅಂದರೆ ಗುಡ್ಡದ ದಿಣ್ಣೆ, ಹಿಡಿಯಿರಿ. ಜಾನುವಾರುಗಳ ಹಗ್ಗ ಬಿಚ್ಚಿಬಿಡಿ, ನಾಯಿಯ ಸರಪಳಿಯನ್ನೂ. ಬ್ಯಾಗಿನಲ್ಲಿ ಔಷಧಿ, ಕನ್ನಡಕ, ಟಾರ್ಚ್, ಪವರ್ ಬ್ಯಾಂಕ್, ಒಣ ಬಟ್ಟೆ, ಕಾಗದ ಪತ್ರ, ಸ್ವಲ್ಪ ನಗದು. ಕರೆ ಮಾಡಬೇಕಾದ ಸಂಖ್ಯೆ ಎರಡು: ತುರ್ತಿಗೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077.

ಲೈನ್ ಮನೆಯವರನ್ನು ಮರೆಯಬೇಡಿ. ಇದನ್ನು ತೋಟದ ಮಾಲೀಕರಿಗೆ ಒತ್ತಿ ಹೇಳುತ್ತಿದ್ದೇನೆ. ಅನೇಕ ಲೈನ್ ಮನೆಗಳು ಬರೆಗೆ ಅಂಟಿಕೊಂಡೇ ಇವೆ. ಈಗ ಅಲ್ಲಿ ಅಸ್ಸಾಮಿನಿಂದ, ಉತ್ತರದ ರಾಜ್ಯಗಳಿಂದ ಬಂದವರೂ ಇದ್ದಾರೆ. ಅವರಿಗೆ ನಮ್ಮ ಮಳೆಯೂ ಗೊತ್ತಿಲ್ಲ, ಕನ್ನಡದ ಎಚ್ಚರಿಕೆಯೂ ಅರ್ಥವಾಗುವುದಿಲ್ಲ. ಅವರಿಗೆ ತಿಳಿಯುವ ಭಾಷೆಯಲ್ಲಿ ಮೇ ತಿಂಗಳಲ್ಲೇ ಹೇಳಿ, ಹೋಗುವ ಜಾಗವನ್ನು ನಡೆಸಿಕೊಂಡು ಹೋಗಿ ತೋರಿಸಿ.

6. ಊರಿಗೆ ಒಂದು ಸಂಕೇತ

ವಾಟ್ಸಾಪ್ ಗುಂಪು ಇರಲಿ, ಆದರೆ ನಂಬಿ ಕೂರಬೇಡಿ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ಫೋನ್ ಸತ್ತ ಹಾಗೆ. ಹತ್ತು ಹದಿನೈದು ಮನೆಗೆ ಒಂದು ಗುಂಪು ಮಾಡಿ, ಪ್ರತಿ ಮನೆಗೂ ಒಂದು ಸೀಟಿ ಕೊಡಿ. ದೇವಸ್ಥಾನದ ಗಂಟೆ, ಮಸೀದಿಯ ಮೈಕ್, ಚರ್ಚಿನ ಗಂಟೆ ಯಾವುದು ಹತ್ತಿರವೋ ಅದನ್ನು ಸಂಕೇತ ಮಾಡಿಕೊಳ್ಳಿ. ಕೋವಿ ಬೇಡ. ಎರಡು ಗುಂಡು ಕೇಳಿದರೆ ನಮ್ಮಲ್ಲಿ ಸಾವಿನ ಮನೆ ಅಂತ ತಿಳಿದು ಜನ ಆ ಕಡೆಗೇ ಬರುತ್ತಾರೆ. ಅಪಾಯದ ಜಾಗದಿಂದ ದೂರ ಓಡಬೇಕಾದವರು ಹತ್ತಿರ ಬಂದ ಹಾಗಾಗುತ್ತದೆ.

ಹಾಸಿಗೆ ಹಿಡಿದವರು, ಬಸುರಿಯರು, ಒಬ್ಬರೇ ಇರುವ ವೃದ್ಧರು ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರು ಕರೆತರುತ್ತಾರೆ ಅಂತ ಹೆಸರು ಹಿಡಿದು ಗೊತ್ತು ಮಾಡಿ. ಜೀಪ್ ಯಾರದ್ದು ಅನ್ನುವುದನ್ನೂ.

7. ಹೊಳೆ ದಡದವರಿಗೆ

ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿ, ಕುಶಾಲನಗರದ ತಗ್ಗಿನ ಬಡಾವಣೆಗಳವರಿಗೆ ಬರೆಗಿಂತ ಕಾವೇರಿಯದೇ ಚಿಂತೆ. ಹಿಂದಿನ ಪ್ರವಾಹದ ನೀರು ಎಲ್ಲಿವರೆಗೆ ಬಂದಿತ್ತೋ ಅಲ್ಲಿ ಪೇಂಟ್‌ನಿಂದ ಗೆರೆ ಎಳೆಯಿರಿ. ಅದಕ್ಕಿಂತ ಒಂದೂವರೆ ಅಡಿ ಕೆಳಗೆ ಇನ್ನೊಂದು ಗೆರೆ ಹಾಕಿ. ಕೆಳಗಿನ ಗೆರೆ ಮುಟ್ಟುವಾಗ ಮನೆ ಖಾಲಿ ಇರಬೇಕು. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. ಅದು ತುಂಬುತ್ತಾ ಬಂದಾಗ ಕುಶಾಲನಗರ ಕಡೆಯವರು ಹೊರಬಿಡುವ ನೀರಿನ ಸುದ್ದಿ ದಿನವೂ ಕೇಳಿ. ನಿಮ್ಮ ಊರಲ್ಲಿ ಬಿಸಿಲಿದ್ದರೂ ಮೇಲಿನ ಮಳೆ ನಿಮ್ಮ ಬಾಗಿಲಿಗೆ ಬರುತ್ತದೆ.

ಹೊರಡುವ ಮುಂಚೆ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಮುಚ್ಚಿ.

8. ಕಾಗದ ಪತ್ರ

ಪರಿಹಾರ ಸಿಗದೆ ಒದ್ದಾಡಿದವರಲ್ಲಿ ಹೆಚ್ಚಿನವರಿಗೆ ತೊಡಕಾದದ್ದು ದಾಖಲೆ. ಜಮ್ಮಾ ಜಾಗದ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ) ಪಹಣಿಯಲ್ಲಿ ಹತ್ತಾರು ಹೆಸರು ಇರುತ್ತದೆ, ಎಷ್ಟೋ ಸಲ ತೀರಿಹೋದ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರೇ ಮುಂದುವರಿದಿರುತ್ತದೆ. ತೀರಿಹೋದವರಿಂದ ವಾರಸುದಾರರಿಗೆ ಖಾತೆ ಬದಲಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಅದನ್ನು ಈಗಲೇ ಮಾಡಿಸಿ. ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಮನೆ ಕಟ್ಟಿಕೊಂಡವರು ಅದನ್ನು ಸಕ್ರಮ ಮಾಡಿಸಲು ಕೊಟ್ಟ 94ಸಿ ಅರ್ಜಿಯ ಸ್ವೀಕೃತಿ, ಕರೆಂಟ್ ಬಿಲ್, ರೇಷನ್ ಕಾರ್ಡ್ ಒಟ್ಟಿಗೆ ಇಡಿ. ಬೆಳೆ ನಷ್ಟದ ಹಣ ಖಾತೆಗೆ ಬರಲು ಫ್ರೂಟ್ಸ್ (ಸರ್ಕಾರದ ರೈತರ ದಾಖಲೆ ತಂತ್ರಾಂಶ) ನೋಂದಣಿ ಬೇಕು. ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಕೊನೆಯ ದಿನಾಂಕವನ್ನು ಜೂನ್ ಶುರುವಿನಲ್ಲೇ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಮೇ ತಿಂಗಳಲ್ಲಿ ಮನೆಯ ನಾಲ್ಕೂ ಬದಿ, ಒಳಗಿನ ಕೋಣೆಗಳು, ತೋಟ ಎಲ್ಲದರ ಫೋಟೊ ತೆಗೆದು ಹೊರ ಊರಿನಲ್ಲಿರುವ ಮಕ್ಕಳಿಗೆ ಕಳಿಸಿಡಿ. ಹಾನಿಯಾದ ಮೇಲೆ ಮಣ್ಣು ತೆಗೆಸುವ ಮುಂಚೆ ಮತ್ತೆ ಫೋಟೊ ತೆಗೆಯಿರಿ, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆ ಒರೆಸಿ ತೊಳೆದ ಮೇಲೆ ಫೋಟೊ ತೆಗೆದರೆ ಹಾನಿ ಕಾಣುವುದಿಲ್ಲ.

9. ವಾಪಸ್ ಬರುವಾಗ

ಮಳೆ ನಿಂತ ಕೂಡಲೇ ಓಡಿ ಬರಬೇಡಿ. ಇಂಗಿದ ನೀರು ಬಿಸಿಲು ಬಂದ ಮೇಲೂ ಒಳಗೆ ಹರಿಯುತ್ತಿರುತ್ತದೆ. ಒಮ್ಮೆ ಜಾರಿದ ಜಾಗ ಮತ್ತೆ ಜಾರಬಹುದು. ಕುಸಿದ ಮಣ್ಣಿನ ಮೇಲೆ ನಿಂತು ಫೋಟೊ ತೆಗೆಯುವುದು, ಸಾಮಾನು ಹುಡುಕುವುದು ಬೇಡ. ಅಧಿಕಾರಿಗಳು ನೋಡಿ ಹೇಳಿದ ಮೇಲೆ, ಹಗಲಲ್ಲಿ, ಇಬ್ಬರು ಸೇರಿ ಹೋಗಿ. ಮೊದಲು ಬರೆಯ ಮೇಲ್ಭಾಗ ನೋಡಿ, ಆಮೇಲೆ ಮನೆಯೊಳಗೆ ಕಾಲಿಡಿ. ಬಿದ್ದ ವಿದ್ಯುತ್ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಹೇಳಿ. ನೆರೆ ನೀರು ಬಂದ ಬಾವಿಯ ನೀರನ್ನು ಆಶಾ ಕಾರ್ಯಕರ್ತೆಯವರಿಗೆ ತಿಳಿಸಿ ಬ್ಲೀಚಿಂಗ್ ಪುಡಿ ಹಾಕಿಸುವವರೆಗೆ ಕುಡಿಯಬೇಡಿ, ಆಮೇಲೂ ಕೆಲವು ದಿನ ಕುದಿಸಿಯೇ ಕುಡಿಯಿರಿ. ಕೆಸರು ತೆಗೆಯುವಾಗ ಗಂಬೂಟು ಹಾಕಿ. ಗಾಯದ ಕಾಲಿನಲ್ಲಿ ಕೆಸರಿಗಿಳಿದರೆ ಇಲಿ ಜ್ವರ ಬರಬಹುದು. ಜ್ವರ ಬಂದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಿ.

ಸೆಪ್ಟೆಂಬರ್ ಶುರುವಿನ ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಡುತ್ತದೆ. ಆಗ ಒಂದು ದಿನ ಮತ್ತೆ ಪುಸ್ತಕ ಹಿಡಿದು ಮನೆಯ ಮೇಲ್ಭಾಗಕ್ಕೆ ಹೋಗಿ. ಈ ವರ್ಷ ಯಾವ ಚರಂಡಿ ಉಕ್ಕಿತು, ಎಲ್ಲಿ ಹೊಸ ಒರತೆ ಎದ್ದಿತು, ಯಾವ ಬಿರುಕು ಎಷ್ಟು ಅಗಲವಾಯಿತು, ಹಳೆಯ ಚಿತ್ರದ ಮೇಲೆಯೇ ಗುರುತು ಹಾಕಿ. ಫೆಬ್ರವರಿಯಲ್ಲಿ ಗುದ್ದಲಿ ಎತ್ತುವಾಗ ಆ ಪುಟ ಬೇಕಾಗುತ್ತದೆ.